ಕುದ್ರೋಳಿಯ ಮಗ್ಗುಲಲ್ಲಿ ಒಂದು ದೋಣಿಯ ಜಾತ್ರೆ

ಪಾಶ್ಚಾತ್ಯ ದೇಶಗಳಲ್ಲಿ ಚಳಿಗಾಲ ಬಂದಿತೆಂದರೆ ದೋಣಿಗಳ ಪ್ರದರ್ಶನಗಳು ನೆರೆಯುತ್ತವೆ. ನ್ಯೂಯಾರ್ಕ್ ಪಟ್ಟಣದಲ್ಲಿ ಇಂತಹ ಪ್ರದರ್ಶನವು ೧೯೦೫ರಲ್ಲಿಯೇ ಮೊದಲಾಯಿತು. ಲಂಡನ್ನಿನದು ೧೯೫೫ರಿಂದ ೨೦೧೮ರ ವರೆಗೆ ನಡೆದು ಬಂದಿತು. ಜರ್ಮನಿಯ ಡ್ಯುಸೆಲ್‌ಡಾರ್ಫ್ ನಗರದಲ್ಲಿ ೧೯೬೯ರಲ್ಲಿ ಆರಂಭವಾದುದು ಇಂದಿಗೂ ಜನವರಿ ತಿಂಗಳಿನಲ್ಲಿ ಸೇರುತ್ತದೆ. ಅಲ್ಲಿಯ ಕೆರೆಕೊಳಗಳು ಹೆಪ್ಪುಗಟ್ಟುವ, ಕಡಲು ಕೆರಳುವ ಕಾಲವದು. ವಿಹಾರದ ದೋಣಿಗಳನ್ನು ದಡಕ್ಕೆಳೆದು ಕಾಪಿಟ್ಟ ಮೇಲೆ ಒಡೆಯರಿಗೆ ಬಿಡುವು ದೊರೆಯುತ್ತದೆ. ಬರುವ ವಸಂತಕ್ಕೆ ಹೊಸ ದೋಣಿ ಬೇಕೆನ್ನುವವರು ಆಗಲೇ ಹೇಳಿಡಬೇಕಾಗುತ್ತದೆ. ಆದುದರಿಂದ ದೋಣಿಗಳು ವಿಶಾಲವಾದ ಮಂದಿರಗಳೊಳಗೆ, ನೀರಿಲ್ಲದ ನೆಲದ ಮೇಲೆ, ದೀಪಗಳ ಬೆಳಕಿನಲ್ಲಿ ನಿಲ್ಲುತ್ತವೆ. ಜನರು ಸಂಸಾರಸಮೇತ ಚೀಟಿ ಕೊಂಡು ಒಳಹೊಕ್ಕು, ಇಡೀ ದಿನ ನೋಡಿ, ಕೊಳ್ಳುವವರು ಕೊಂಡು, ಉಳಿದವರು ಸಂತೋಷಪಟ್ಟು ಮನೆಗೆ ಮರಳುತ್ತಾರೆ.

ನಮ್ಮ ಕರಾವಳಿಯ ಕ್ರಮವು ಇದಕ್ಕೆ ಸರಿಯಾಗಿ ತಿರುಗುಮುರುಗಾಗಿದೆ. ಇಲ್ಲಿ ದೋಣಿಗೆ ವಿಶ್ರಾಂತಿಯೆಂಬುದು ಮಳೆಗಾಲದಲ್ಲಿ. ಕಡಲು ರೌದ್ರರೂಪ ತಾಳುವ ಜೂನ್ ಒಂದರಿಂದ ಜುಲೈ ೩೧ರ ವರೆಗಿನ ೬೧ ದಿನಗಳಲ್ಲಿ ಯಂತ್ರದೋಣಿಗಳು ಮೀನಿಗಾಗಿ ಹೊರಡಬಾರದೆಂಬ ಸರಕಾರದ ಕಟ್ಟಳೆಯೂ ಇದೆ. ಮೀನುಗಳು ಸಂತಾನವೃದ್ಧಿ ಮಾಡಿಕೊಳ್ಳುವ ಕಾಲವದು. ನೂಲಹುಣ್ಣಿಮೆಯ ಹೊತ್ತಿಗೆ ಮೊಗವೀರರು ಕಡಲಿಗೆ ಹಾಲೆರೆದು, ತೆಂಗಿನಕಾಯಿ ಅರ್ಪಿಸಿ, ಹೊಸ ಋತುವಿನ ಕ್ಷೇಮವನ್ನು ಬೇಡುತ್ತಾರೆ. ಮಾಗಿ ಬರುವಷ್ಟರಲ್ಲಿ ಗಾಳಿ ಹದಕ್ಕೆ ಬಂದು, ನೀರು ತಿಳಿಯಾಗಿ, ತೇಲಬಲ್ಲ ದೋಣಿಯೆಲ್ಲವೂ ದುಡಿಮೆಗಿಳಿದಿರುತ್ತದೆ. ಹೀಗಾಗಿ ನಮ್ಮಲ್ಲಿಯ ಚಳಿಗಾಲದ ಪ್ರದರ್ಶನಕ್ಕೆ ಮಂದಿರವಿಲ್ಲ, ಚೀಟಿಯಿಲ್ಲ, ನದಿಯೇ ಅಂಗಣ. ೨೦೧೯ರ ಜನವರಿಯಲ್ಲಿ ಜಿಲ್ಲಾಡಳಿತದವರು ಫಲ್ಗುಣಿ ನದಿಯಲ್ಲಿ ಎರಡು ದಿನಗಳ ನದಿ ಉತ್ಸವವನ್ನು ನಡೆಸಿ, ಜನರನ್ನು ದೋಣಿಗಳಲ್ಲಿ ಕುಳ್ಳಿರಿಸಿ ತಿರುಗಾಡಿಸಿದುದುಂಟು. ಆದರೆ ಉತ್ಸವದ ತೋರಣವಿಲ್ಲದ ದಿನದಲ್ಲಿಯೂ ನೋಡತಕ್ಕುದು ಅಲ್ಲಿ ಸಾಕಷ್ಟು ಇದೆಯೆಂಬುದನ್ನು ನಾವು ಮನೆಮಂದಿಯೆಲ್ಲ ಒಂದು ದಿನ ಹೋಗಿ ಕಂಡುಕೊಂಡೆವು.

ಮಂಗಳೂರಿನ ಕುದ್ರೋಳಿಯೆಂದೊಡನೆ ಪರಸ್ಥಳದವರಿಗೆ ಶ್ರೀ ಗೋಕರ್ಣನಾಥೇಶ್ವರ ಕ್ಷೇತ್ರವೂ ಅಲ್ಲಿಯ ದಸರೆಯೂ ನೆನಪಾಗುತ್ತವೆ. ೧೯೧೨ರಲ್ಲಿ ಬ್ರಹ್ಮಶ್ರೀ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದ ಕ್ಷೇತ್ರವದು; ಆ ಮಹತ್ಕಾರ್ಯಕ್ಕೆ ಮುಂದಾಳಾಗಿ ನಿಂತವರು ಹೊಯಿಗೆಬಜಾರಿನ ಕೊರಗಪ್ಪನವರು. ಹೊಯಿಗೆಬಜಾರ್ ಎಂಬುದು ಬಂದರಿಗೆ ತೆಂಕಲಲ್ಲಿ ನದಿಯಂಚಿನ ಕೇರಿ. ಊರಿನ ದೇವಸ್ಥಾನ, ಮಸೀದಿ, ಅಂಗಡಿಬೀದಿಗಳೆಲ್ಲ ನದಿಯ ಬಳಿಯಲ್ಲಿಯೇ ಬೆಳೆದವು. ಕುದ್ರೋಳಿಯಿಂದ ಪಡುವಣಕ್ಕೆ ಸ್ವಲ್ಪ ನಡೆದರೆ ಫಲ್ಗುಣಿ ಸಿಕ್ಕುತ್ತದೆ. ಗುರುಪುರ ನದಿಯೆಂದೂ ಇದಕ್ಕೆ ಹೆಸರು. ಘಟ್ಟದಿಂದ ಇಳಿದುಬಂದ ಈ ನದಿ ಕಡಲಿನ ಸಮೀಪಕ್ಕೆ ಬಂದ ಮೇಲೂ ಒಡನೆಯೇ ಅದನ್ನು ಸೇರುವುದಿಲ್ಲ. ನಡುವೆ ತಣ್ಣೀರುಬಾವಿ, ಬೆಂಗ್ರೆಗಳ ಮರಳಿನ ಪಟ್ಟಿ ನೀಳವಾಗಿ ಅಡ್ಡ ಬಿದ್ದಿದೆ. ಅದರ ಬೆನ್ನಿಗೆ ಆತು ತೆಂಕಣಕ್ಕೆ ಹರಿದು, ನೇತ್ರಾವತಿಯನ್ನು ಕೂಡಿಕೊಂಡು, ಒಂದೇ ಅಳಿವೆಯಿಂದ ಎರಡೂ ನದಿಗಳು ಕಡಲಿಗೆ ಇಳಿಯುತ್ತವೆ. ಈ ಮರಳಿನ ಗೋಡೆಯ ಮರೆಯಲ್ಲಿ ಹಳೆಯ ಬಂದರು ಹುಟ್ಟಿತು.

ನಾವು ಹಿರಿಯರು ಮೂವರು, ಮಕ್ಕಳು ಇಬ್ಬರು. ಅವರೊಡನೆ ಘಟ್ಟದ ಮೇಲಿನಿಂದ ಬಂದಿದ್ದ ಚಿಕ್ಕಮ್ಮನವರು. ಬುತ್ತಿಗೆ ಚಿತ್ರಾನ್ನ, ಮೊಸರನ್ನ, ಉಪ್ಪಿನಕಾಯಿಗಳನ್ನು ಕಟ್ಟಿಕೊಂಡು, ಬೆಳಕು ಹರಿಯುವ ಮೊದಲೇ ಬಂದರಿನ ದಕ್ಕೆಯನ್ನು ಸೇರಿದೆವು. ಬೆಳಗಿನ ವ್ಯಾಪಾರ ಮುಗಿದ ಮೇಲೆ ಹೋದರೆ ಅರ್ಧ ಜಾತ್ರೆ ತಪ್ಪಿದಂತೆಯೇ ಸರಿ. ದಡಕ್ಕೆ ಮೂತಿಯಾನಿಸಿ ಒಂದರ ಮಗ್ಗುಲಿಗೆ ಒಂದರಂತೆ ಯಂತ್ರದೋಣಿಗಳು ನಿಂತಿದ್ದವು. ಆಚೆಯ ದೋಣಿಯವರು ಈಚೆಯ ನಾಲ್ಕು ದೋಣಿಗಳನ್ನು ದಾಟಿಕೊಂಡೇ ನೆಲಕ್ಕೆ ಬರಬೇಕು. ಬುಟ್ಟಿಬುಟ್ಟಿಯಾಗಿ ಬಂಗುಡೆ, ಬೂತಾಯಿ, ಬೊಂಡಾಸ್‌ಗಳು ಇಳಿಯುತ್ತಿದ್ದವು. ಏಲಂ ಕೂಗುವವರ ಧ್ವನಿ, ಮಂಜುಗಡ್ಡೆಯನ್ನು ಪುಡಿಮಾಡುವ ಯಂತ್ರದ ಸದ್ದು, ಕೊಂಡ ಮೀನನ್ನು ತಲೆಗೇರಿಸಿ ಸರಸರನೆ ಹೊರಡುವ ಮೀನುಗಾರ ಹೆಂಗಸರ ಮಾತು, ಇವೆಲ್ಲವೂ ಒಂದಾಗಿ ಕಿವಿ ತುಂಬಿತ್ತು. ಸಸ್ಯಾಹಾರಿಗಳಾದ ಚಿಕ್ಕಮ್ಮನವರು ಸೆರಗಿನಿಂದ ಮೂಗು ಮುಚ್ಚಿಕೊಂಡರೂ ಕಣ್ಣು ಮುಚ್ಚಲಿಲ್ಲ. “ಇಷ್ಟೊಂದು ದೋಣಿಗಳಿವೆ, ಎರಡಕ್ಕೆ ಒಂದೇ ರೂಪವಿಲ್ಲವಲ್ಲ, ಏಕೆ?” ಎಂದು ಅವರು ಕೇಳಿದರು. ನಮ್ಮ ದಿನವೆಲ್ಲ ಆ ಪ್ರಶ್ನೆಯ ಬೆನ್ನುಹಿಡಿದೇ ನಡೆಯಿತು.

ದಡದಲ್ಲಿ ಬಲೆ ಹೆಣೆಯುತ್ತಿದ್ದ ಹಿರಿಯರೊಬ್ಬರು ಮಕ್ಕಳಿಗೆ ಅದನ್ನು ವಿವರಿಸಿದರು. ಹಿಂಭಾಗದಲ್ಲಿ ಎರಡು ಭಾರವಾದ ಹಲಗೆಗಳನ್ನು ತೂಗಿಬಿಟ್ಟಿರುವುದು ಟ್ರಾಲ್ ದೋಣಿ. ನೀರಿಗೆ ಬಿಟ್ಟಾಗ ಆ ಹಲಗೆಗಳು ನೀರಿನ ಒತ್ತಡದಿಂದ ಒಂದಕ್ಕೊಂದು ದೂರ ಸರಿದು ಬಲೆಯ ಬಾಯನ್ನು ಅಗಲಿಸುತ್ತವೆ. ದೋಣಿ ಮುಂದೆ ಹೋದಂತೆ ಚೀಲದಂತಹ ಬಲೆಯು ಕಡಲಿನ ತಳವನ್ನು ಬಳಿದು ಬರುತ್ತದೆ. ದೂರದ ನೀರಿಗೆ ಹೋಗುವ ಟ್ರಾಲ್ ದೋಣಿಗಳು ವಾರಕ್ಕೂ ಹೆಚ್ಚು ಕಾಲ ಕಡಲಿನಲ್ಲಿಯೇ ಉಳಿಯುವುದರಿಂದ ಮಂಜುಗಡ್ಡೆಗೆ ಉಗ್ರಾಣ, ಅಡುಗೆಗೆ ಒಲೆ, ಮಲಗಲು ಹಲಗೆ, ಎಲ್ಲವೂ ಅದರೊಳಗೇ ಇರಬೇಕು. ಇನ್ನೊಂದು ಜಾತಿಯದು ಪರ್ಸೀನ್ ದೋಣಿ. ಅದು ಮೀನಿನ ಹಿಂಡನ್ನು ಬಲೆಯಿಂದ ಸುತ್ತುಗಟ್ಟಿ, ಕೆಳಗಿನ ಬಳೆಗಳಲ್ಲಿ ಪೋಣಿಸಿದ ಹಗ್ಗವನ್ನು ಸೆಳೆಯುತ್ತದೆ. ಎಲೆಯಡಿಕೆಯ ಸಂಚಿಯ ದಾರವನ್ನೆಳೆದರೆ ಬಾಯಿ ಮುಚ್ಚುವಂತೆ ಬಲೆಯ ತಳವು ಮುಚ್ಚಿಹೋಗುತ್ತದೆ. ಅಷ್ಟು ದೊಡ್ಡ ಬಲೆಯನ್ನು ಎಳೆಯಲು ಜನ ಬೇಕು. ಆದುದರಿಂದ ಇದರಲ್ಲಿ ಇಪ್ಪತ್ತೈದು ಮೂವತ್ತು ಮಂದಿ ಹೋಗುವುದುಂಟು. ಇದರ ಜೊತೆಯಲ್ಲಿ ಒಂದು ಪುಟ್ಟ ದೋಣಿಯೂ ಹೋಗುತ್ತದೆ. ಹಸುವಿನ ಹಿಂದೆ ಕರುವಿದ್ದಂತೆ ಅದನ್ನು ಕಂಡು ಮಕ್ಕಳು ನಕ್ಕರು. ಆ ಕರುವಿನ ಬೆಲೆ ಎಷ್ಟೆಂಬುದು ಮುಂದೆ ಬೆಂಗ್ರೆಯಲ್ಲಿ ತಿಳಿಯಿತು.

ಮೀನಿನ ದಕ್ಕೆಯನ್ನು ಬಿಟ್ಟು ಸರಕಿನ ದಕ್ಕೆಗೆ ಬಂದರೆ ಗಾಳಿಯ ವಾಸನೆಯೇ ಬದಲಾಗುತ್ತದೆ. ಇಲ್ಲಿ ನಿಲ್ಲುವುವು ಮಂಜಿಗಳು: ಗುಡಾಣದಂತೆ ಹೊಟ್ಟೆ ತುಂಬಿಕೊಂಡ, ಎತ್ತರವಾದ ಮೂತಿಯ ಮರದ ಹಡಗುಗಳು. ಹಿಂದೆ ಹಾಯಿಯಿಂದ ನಡೆಯುತ್ತಿದ್ದುವಕ್ಕೆ ಈಗ ಯಂತ್ರ ಬಂದಿದೆ. ತರಕಾರಿ, ಅಕ್ಕಿ, ಸಿಮೆಂಟು, ಜಲ್ಲಿ, ಮನೆಗೆ ಬೇಕಾದ ಸಮಸ್ತ ವಸ್ತುಗಳು ಇವುಗಳಲ್ಲಿ ಲಕ್ಷದ್ವೀಪಕ್ಕೆ ಹೋಗುತ್ತವೆ. ಈ ನಂಟು ಇಂದುನಿನ್ನೆಯದಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಐದು ದ್ವೀಪಗಳು ೧೭೯೯ರಲ್ಲಿ ಕಂಪೆನಿ ಸರಕಾರದ ಕೈಸೇರಿದ ಮೇಲೆ ಕೆನರಾ ಜಿಲ್ಲೆಗೆ ಸೇರಿದ್ದು, ೧೯೫೬ರಲ್ಲಿ ಕೇಂದ್ರಾಡಳಿತ ಪ್ರದೇಶವಾಗುವ ವರೆಗೆ ಮಂಗಳೂರಿನ ಆಳ್ವಿಕೆಗೆ ಒಳಪಟ್ಟಿದ್ದವು. ಮಳೆಗಾಲ ಕಳೆದೊಡನೆ ದ್ವೀಪದವರು ತೆಂಗಿನ ನಾರಿನ ಹುರಿಯನ್ನು ಹೇರಿಕೊಂಡು ಇಲ್ಲಿಗೆ ಬಂದು, ಅದಕ್ಕೆ ಬದಲಾಗಿ ಅಕ್ಕಿಯನ್ನು ಕೊಂಡೊಯ್ಯುತ್ತಿದ್ದರು. ಅವರು ತಮ್ಮ ಹಾಯಿಹಡಗನ್ನು ‘ಓಡಂ’ ಎನ್ನುತ್ತಾರೆ. ನಮ್ಮ ತುಳುವಿನಲ್ಲಿ ದೋಣಿಗೆ ‘ಓಡ’ವೆಂದೇ ಹೆಸರು. ಅಷ್ಟು ನೀರನ್ನು ದಾಟಿದರೂ ಮಾತು ಬದಲಾಗದಿರುವುದನ್ನು ಕೇಳಿ ನಮಗೆ ಆನಂದವಾಯಿತು.

೧೩೪೨ರ ಸುಮಾರಿಗೆ ಇಲ್ಲಿಗೆ ಬಂದಿದ್ದ ಪ್ರವಾಸಿ ಇಬ್ನ್ ಬತೂತನು ಪಾರಸ ಮತ್ತು ಯಮನ್ ದೇಶಗಳ ವರ್ತಕರು ಈ ಬಂದರಿಗೆ ಬರುತ್ತಿದ್ದರೆಂದು ಬರೆದಿಟ್ಟಿದ್ದಾನೆ. ಈ ಕಡಲಿನ ಹಡಗುಗಳ ಹಲಗೆಗಳನ್ನು ಮೊಳೆಯಿಲ್ಲದೆ ತೆಂಗಿನ ಹುರಿಯಿಂದ ಹೊಲಿಯುವ ಕ್ರಮವನ್ನೂ ಆತನು ಹೇಳುತ್ತಾನೆ. ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ. ಹೊಲಿದದ್ದು ಬಳುಕಿಕೊಂಡು ಉಳಿಯುತ್ತದೆ. ಮುಂದೆ ೧೮೬೫ರಲ್ಲಿ ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ, ಹಂಚಿಗೆ ಬೇಕಾದ ಆವೆಮಣ್ಣು ನದಿಗಳಲ್ಲಿ ದೋಣಿಯೇರಿ ಬಂದಿತು. ಸುಟ್ಟ ಹಂಚು ಹಡಗೇರಿ ದೇಶಾಂತರ ಹೋಯಿತು. ಆದರೆ ಅಳಿವೆಯಲ್ಲಿ ಆಳ ಸಾಲದುದರಿಂದ ದೊಡ್ಡ ಹಡಗುಗಳು ಹೊರಗೆ ಕಡಲಿನಲ್ಲಿಯೇ ಲಂಗರು ಹಾಕಿ ನಿಲ್ಲಬೇಕಾಗಿತ್ತು. ಸರಕನ್ನು ಸಣ್ಣ ದೋಣಿಗಳಲ್ಲಿ ಒಯ್ದು ಏರಿಸುತ್ತಿದ್ದರು. ಆ ಕೊರತೆಯನ್ನು ನೀಗಲೆಂದು ಪಣಂಬೂರಿನಲ್ಲಿ ಕಟ್ಟಿದ ನವಮಂಗಳೂರು ಬಂದರು ೧೯೭೫ರಲ್ಲಿ ಉದ್ಘಾಟನೆಯಾಯಿತು. ದೊಡ್ಡ ಹಡಗುಗಳು ಅತ್ತ ಹೋದವು. ಮೀನೂ ಮಂಜಿಯೂ ಇತ್ತ ಉಳಿದವು.

ಬಂದರಿನಿಂದ ಬೆಂಗ್ರೆಗೆ ಕಡವಿನ ದೋಣಿಯಲ್ಲಿ ದಾಟಿದೆವು. ದಾಟಲು ಕೆಲವು ನಿಮಿಷಗಳಷ್ಟೇ ಹಿಡಿಯುವುದಾದರೂ, ಈ ದಿನದಲ್ಲಿ ಕಂಡ ದೋಣಿಗಳಲ್ಲೆಲ್ಲ ಹೆಚ್ಚಿನ ಬಗೆಯ ಜನರನ್ನು ಹೊತ್ತದ್ದು ಇದೇ. ಶಾಲೆಯ ಮಕ್ಕಳು, ಬುರ್ಖಾ ತೊಟ್ಟ ತಾಯಂದಿರು, ಖಾಲಿ ಬುಟ್ಟಿಯ ಮೀನುಗಾರ್ತಿಯರು, ಬಾಳೆಗೊನೆ ಹಿಡಿದ ಅಂಗಡಿಯವರು, ನಡುವೆ ನಾವು. “ಅಮ್ಮ, ನಡುವಿಗೆ ಬಂದು ಕೂತುಕೊಳ್ಳಿ, ಅಂಚಿಗೆ ಬೇಡ” ಎಂದು ದೋಣಿಯವನು ಚಿಕ್ಕಮ್ಮನವರಿಗೆ ಜಾಗ ಮಾಡಿಕೊಟ್ಟನು. ಅವರು ಗಂಗಾಸ್ಮರಣೆ ಮಾಡುತ್ತ ಕುಳಿತರು. ಪಕ್ಕದ ಹುಡುಗಿಯು ಅದೇ ದೋಣಿಯಲ್ಲಿ ನಿಶ್ಚಿಂತೆಯಿಂದ ಮಗ್ಗಿ ಬಾಯಿಪಾಠ ಮಾಡುತ್ತಿದ್ದಳು.

ಬೆಂಗ್ರೆಯು ಒಂದು ಮಗ್ಗುಲಿಗೆ ನದಿ, ಇನ್ನೊಂದು ಮಗ್ಗುಲಿಗೆ ಕಡಲು ಇರುವ ಊರು. ಇಲ್ಲಿ ಮೊಗವೀರರೂ ಬ್ಯಾರಿಗಳೂ ನೆರೆಯವರಾಗಿ ಬಾಳುತ್ತಾರೆ. ಕಡಲಿನ ಸುದ್ದಿ ಎಲ್ಲರ ಮನೆಯ ಸುದ್ದಿ. ೨೦೨೦ರ ನವೆಂಬರ್ ತಿಂಗಳ ಕೊನೆಯ ದಿನ ಬಂದರಿನಿಂದ ಹೊರಟ ‘ಶ್ರೀರಕ್ಷಾ’ ಎಂಬ ಪರ್ಸೀನ್ ದೋಣಿಯು ತುಂಬ ಮೀನು ಹಿಡಿದು ಮರಳುತ್ತಿದ್ದಾಗ ಉಳ್ಳಾಲದ ಆಚೆಯ ಕಡಲಿನಲ್ಲಿ ಮಗುಚಿಬಿತ್ತು. ಅದರಲ್ಲಿದ್ದವರು ೨೫ ಮಂದಿ. ಜೊತೆಯ ಪುಟ್ಟ ದೋಣಿಯನ್ನೇರಿ ೧೯ ಮಂದಿ ಪಾರಾದರು. ಆರು ಮಂದಿ ಪ್ರಾಣ ಕಳೆದುಕೊಂಡರು. ಬೆಂಗ್ರೆಯ ಮನೆಗಳಿಗೆ ಅಂದು ಬಂದ ದುಃಖವದು. ಬೆಳಿಗ್ಗೆ ಕರುವೆಂದು ನಕ್ಕ ಮಕ್ಕಳಿಗೆ ಈ ಸಂಗತಿಯನ್ನು ಹೇಳಿದಾಗ ಅವರು ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ ಹಿರಿಯವನು ನದಿಯತ್ತ ತಿರುಗಿ, ಯಾವ ಯಾವ ದೋಣಿಗೆ ಪುಟ್ಟ ದೋಣಿ ಇದೆ, ಯಾವುದಕ್ಕೆ ಇಲ್ಲವೆಂದು ಎಣಿಸತೊಡಗಿದನು. ಮಾಗಿಯ ಕಡಲು ಸೌಮ್ಯವೆಂದು ಮೇಲೆ ಹೇಳಿದೆವಷ್ಟೆ; ಸೌಮ್ಯವೆಂದರೆ ಅಪಾಯವಿಲ್ಲದುದೆಂದು ಅರ್ಥವಲ್ಲ. ನಮ್ಮ ಊಟದೆಲೆಯವರೆಗೆ ಬರುವ ಮೀನಿನ ಹಿಂದೆ, ಬಾಗಿಲಲ್ಲಿ ನಿಂತು ಕಡಲನ್ನು ನೋಡುವ ಒಂದು ಮನೆ ಇದ್ದೇ ಇರುತ್ತದೆ.

ನದಿಯ ದಂಡೆಯಲ್ಲಿ, ತೆಂಗಿನ ಮರಗಳ ನೆರಳಿನಲ್ಲಿ, ಒಂದು ಹಳೆಯ ಮರದ ದೋಣಿಯನ್ನು ಮಗುಚಿ ಹಾಕಿದ್ದರು. ವಯಸ್ಸಾದ ಬಡಗಿಯೊಬ್ಬರು ಹಲಗೆಗಳ ಸಂದಿನೊಳಕ್ಕೆ ಹತ್ತಿಯ ಎಳೆಯನ್ನು ಇಟ್ಟು, ಉಳಿಯಿಂದ ಮೆಲ್ಲನೆ ಬಡಿದು ತುಂಬುತ್ತಿದ್ದರು. ಪಕ್ಕದಲ್ಲಿ ಗೇರುಬೀಜದ ಸಿಪ್ಪೆಯ ಎಣ್ಣೆಯ ಡಬ್ಬವಿತ್ತು. ಅದನ್ನು ಬಳಿದರೆ ಮರಕ್ಕೆ ಹುಳು ಹತ್ತುವುದಿಲ್ಲವೆಂದರು. ದೋಣಿಗೆ ಹೆಬ್ಬಲಸು ಉತ್ತಮವಾದ ಮರ; ಒಂದೇ ದಿಮ್ಮಿಯನ್ನು ಕೊರೆದು ಮಾಡುವ ಸಣ್ಣ ಓಡಕ್ಕೆ ಮಾವೂ ಆಗುತ್ತದೆ. ಚಿಕ್ಕಮ್ಮನವರ ಬೆಳಗಿನ ಪ್ರಶ್ನೆಗೆ ಪೂರ್ಣವಾದ ಉತ್ತರ ದೊರೆತದ್ದು ಇವರಿಂದ. “ನೋಡಿ ಅಮ್ಮ, ನದಿಯ ದೋಣಿಗೆ ತಳ ಚಪ್ಪಟೆ, ಏಕೆಂದರೆ ಮೊಣಕಾಲುದ್ದ ನೀರಿನಲ್ಲಿಯೂ ಅದು ತೇಲಬೇಕು. ಕಡಲಿನ ದೋಣಿಗೆ ತಳ ಚೂಪು, ಅದು ಅಲೆಯನ್ನು ಸೀಳಬೇಕು. ದಡದಿಂದಲೇ ಅಲೆಗೆ ನುಗ್ಗುವ ದೋಣಿಗೆ ಮೂತಿ ಎತ್ತರ, ಇಲ್ಲದಿದ್ದರೆ ಮೊದಲನೆಯ ತೆರೆಗೇ ನೀರು ತುಂಬುತ್ತದೆ. ನೀರು ಹೇಳಿದಂತೆ ನಾವು ಕಡಿಯುವುದು” ಎಂದರು.

ಆಚೆ ಕಾಣುತ್ತಿದ್ದ ಹೊಸ ದೋಣಿಗಳಲ್ಲಿ ಬಹುಪಾಲು ಫೈಬರಿನವು, ದೊಡ್ಡವುಗಳಲ್ಲಿ ಕೆಲವು ಉಕ್ಕಿನವು. ಫೈಬರಿನ ದೋಣಿಗೆ ಅಚ್ಚು ಒಂದಿದ್ದರೆ ಸಾಕು. ಗಾಜಿನ ನಾರಿನ ಹಾಸನ್ನು ಅಂಟುರಾಳದಿಂದ ಪದರಪದರವಾಗಿ ಹಚ್ಚಿ, ಒಣಗಿದ ಮೇಲೆ ಎತ್ತುತ್ತಾರೆ. ಅದು ಹಗುರ, ನೀರು ಕುಡಿಯುವುದಿಲ್ಲ, ವರ್ಷವರ್ಷವೂ ಎಣ್ಣೆ ಬೇಡುವುದಿಲ್ಲ. ದೊಡ್ಡ ಮರವೇ ದುರ್ಲಭವಾಗಿರುವ ಈ ಕಾಲದಲ್ಲಿ ಮೀನುಗಾರನು ಅದನ್ನು ಆರಿಸಿಕೊಂಡರೆ ತಪ್ಪೆನ್ನುವವರು ಯಾರು? ಆ ಬಡಗಿಯೂ ತಪ್ಪೆನ್ನಲಿಲ್ಲ. “ಈ ಕೆಲಸ ನಿಮ್ಮಿಂದ ಕಲಿಯುತ್ತಿರುವವರು ಯಾರು?” ಎಂದು ಚಿಕ್ಕಮ್ಮನವರು ಕೇಳಿದಾಗ ಅವರು ಉಳಿಯನ್ನು ಕೆಳಗಿಟ್ಟು, “ಹೊಸದು ಕಟ್ಟಿ ವರ್ಷಗಳಾದವು ಅಮ್ಮ. ಈಗ ಹಳೆಯದರ ಗಾಯ ಮುಚ್ಚುವುದಷ್ಟೇ. ಇಷ್ಟಕ್ಕೆ ಹುಡುಗರನ್ನು ಕರೆದು ಕೂರಿಸಲೇ?” ಎಂದರು. ಗಣಿತದ ಪುಸ್ತಕವಿಲ್ಲದೆ, ಕಣ್ಣಳತೆಯಿಂದಲೇ ಎರಡೂ ಬದಿಗಳನ್ನು ಸಮತೂಕವಾಗಿ ಬಾಗಿಸಬಲ್ಲ ವಿದ್ಯೆಯದು. ಅಚ್ಚಿನಿಂದ ಎತ್ತುವ ದೋಣಿಯ ಆಕಾರವೂ ಮೂಲದಲ್ಲಿ ಇಂತಹವರ ಕೈಯಿಂದ ಬಂದದ್ದೇ. ಅವರ ಪೋಟೋ ತೆಗೆಯಬಹುದೇ ಎಂದು ಮಕ್ಕಳು ಕೇಳಿದರು. ಅವರು ತಮ್ಮದು ಬೇಡವೆಂದು, ದೋಣಿಯದನ್ನು ತೆಗೆಯಲು ಹೇಳಿದರು.

ಅಲ್ಲಿಂದ ಬಾಡಿಗೆಯ ರಿಕ್ಷಾದಲ್ಲಿ ಮರಳಿನ ಪಟ್ಟಿಯುದ್ದಕ್ಕೂ ಬಡಗಣಕ್ಕೆ ಸಾಗಿ ತಣ್ಣೀರುಬಾವಿಯ ಕಡಲ ತೀರವನ್ನು ಮುಟ್ಟಿದೆವು. ಗಾಳಿಮರಗಳ ನೆರಳಿನಲ್ಲಿ ಬುತ್ತಿ ಬಿಚ್ಚಿ, ಊಟವಾದ ಮೇಲೆ ಬೊಂಡದ ನೀರು ಕುಡಿದು, ಬಿಸಿಲಿಳಿಯುವ ವರೆಗೆ ಕುಳಿತೆವು. ಎದುರಿಗೆ ದಿಗಂತದಲ್ಲಿ ಪಣಂಬೂರಿಗೆ ಸರದಿ ಕಾಯುತ್ತ ದೊಡ್ಡ ಹಡಗುಗಳು ಮನೆಗಳ ಸಾಲಿನಂತೆ ನಿಂತಿದ್ದವು. ಈಚೆಗೆ, ಅಲೆಗಳ ಮೇಲೆ ಏರುತ್ತ ಇಳಿಯುತ್ತ, ಇಬ್ಬರನ್ನು ಮಾತ್ರ ಹೊತ್ತ ಒಂದು ನಾಡದೋಣಿ. ಒಂದೇ ನೋಟದಲ್ಲಿ ಎರಡೂ ಕಾಣುವ ಇಂತಹ ಸ್ಥಳ ಬೇರೆ ಯಾವ ಪ್ರದರ್ಶನದಲ್ಲಿಯೂ ದೊರೆಯದು.

ಸಂಜೆ ತಣ್ಣೀರುಬಾವಿಯ ಕಡವಿನಿಂದ ಮತ್ತೆ ನದಿಯನ್ನು ದಾಟಿ, ಬೋಳೂರಿನ ಸುಲ್ತಾನ್ ಬತ್ತೇರಿಯ ಬಳಿ ಇಳಿದೆವು. ಶತ್ರುಗಳ ಯುದ್ಧನೌಕೆಗಳು ಗುರುಪುರ ನದಿಯನ್ನು ಹೊಗದಿರಲೆಂದು ಟಿಪ್ಪು ಸುಲ್ತಾನನು ೧೭೮೪ರಲ್ಲಿ ಕಟ್ಟಿಸಿದ ಕಾವಲುಗೋಪುರವಿದು. ಕರಿಯ ಕಲ್ಲಿನ ಗಟ್ಟಿಯಾದ ಕಟ್ಟಡ. ಸುತ್ತಲೂ ಬಂದೂಕಿನ ಕಿಂಡಿಗಳು, ಕೆಳಗೆ ಮದ್ದು ಕೂಡಿಡುವ ನೆಲಮಾಳಿಗೆ. ಮೆಟ್ಟಲೇರಿ ಮೇಲೆ ನಿಂತಾಗ ದಿನವಿಡೀ ನೋಡಿದ ನದಿಯು ಕಣ್ಣೆದುರಿಗೆ ಹರಡಿತ್ತು. ದೋಣಿಗಳನ್ನು ತಡೆಯಲೆಂದು ಕಟ್ಟಿದ ಸ್ಥಳದಿಂದ ನಮ್ಮ ಮಕ್ಕಳು ಅವುಗಳನ್ನು ಗುರುತು ಹಿಡಿದು ಹೆಸರಿಡಿದು ಕರೆಯುತ್ತಿದ್ದರು: ಅದು ಟ್ರಾಲ್, ಹಲಗೆ ನೋಡು, ಅದು ಪರ್ಸೀನ್, ಹಿಂದೆ ಕರುವಿದೆ, ಅದು ಕಡವಿನದು. ಬೆಳಿಗ್ಗೆ ಅವರಿಗೆ ಅವೆಲ್ಲವೂ ಬರಿಯ ದೋಣಿಗಳಾಗಿದ್ದವು.

ಹೋಗಬೇಕೆನ್ನುವ ಗೃಹಸ್ಥರಿಗೆ ಎರಡು ಮಾತು. ಮಾರ್ಗಶಿರ ಪುಷ್ಯಗಳು ಒಳ್ಳೆಯ ಕಾಲ. ಬೆಳಗಿನ ಜಾವದಲ್ಲಿಯೇ ದಕ್ಕೆಯನ್ನು ಸೇರಬೇಕು. ಜಾರದ ಚಪ್ಪಲಿ, ತಲೆಗೆ ಟೊಪ್ಪಿ, ಕುಡಿಯುವ ನೀರು ಜೊತೆಗಿರಲಿ. ಸಂಜೆಯ ಕೊನೆಯ ದೋಣಿ ಎಷ್ಟು ಹೊತ್ತಿಗೆಂದು ಮೊದಲೇ ಕೇಳಿಕೊಳ್ಳಬೇಕು. ದಕ್ಕೆಯಲ್ಲಿ ದುಡಿಯುವವರ ದಾರಿಗೆ ಅಡ್ಡವಾಗಿ ನಿಲ್ಲಬಾರದು. ಮಂಜಿಯೂ ಟ್ರಾಲ್ ದೋಣಿಯೂ ಮುಂದಿನ ವರ್ಷವೂ ಕಂಡಾವು. ಮರದ ದೋಣಿಯ ಹತ್ತಿರ ಉಳಿ ಹಿಡಿದು ಕುಳಿತವರು ಎಲ್ಲಿಯಾದರೂ ಕಣ್ಣಿಗೆ ಬಿದ್ದರೆ ಅಲ್ಲಿ ಅರ್ಧ ತಾಸು ಹೆಚ್ಚಿಗೆ ನಿಲ್ಲಿರಿ; ಮಕ್ಕಳಿಗೆ ಅವರೊಡನೆ ಮಾತನಾಡಲು ಬಿಡಿರಿ.